ಕಂಡಕ್ಟರನ ಅಂಗಿ

ಸುಡುವ ಮಧ್ಯಾಹ್ನದಲ್ಲಿ ಚಳಿಗಾಲದ ದಪ್ಪ ಜಾಕೆಟ್ ತೊಟ್ಟು ಕಂಡಕ್ಟರ್ ಲಾಂಡ್ರಿಯ ಮೆಟ್ಟಿಲು ಹತ್ತಿದ. ಜಾಕೆಟ್ ಅವನದಲ್ಲ, ಡ್ರೈವರನದು. ತೋಳು ಬೆರಳುಗಳವರೆಗೆ ಇಳಿದಿತ್ತು. ಬೆವರಿನಿಂದ ಕೊರಳಪಟ್ಟಿ ತೊಯ್ದಿದ್ದರೂ ಅವನು ಒಂದು ಗುಂಡಿಯನ್ನೂ ಬಿಚ್ಚಿರಲಿಲ್ಲ.

ಇಸ್ತ್ರಿ ಮೇಜಿನ ಹಿಂದಿನಿಂದ ಸೊಸೆ ತಲೆಯೆತ್ತಿ ನೋಡಿದಳು.

ಲಾಂಡ್ರಿ ಅವಳ ಮಾವನದು. ಆತ ಒಳಗಿನಿಂದ ಇಡೀ ದಿನ ‘ಸೊಸೇ, ಸೊಸೇ’ ಎಂದು ಕೂಗುತ್ತಿದ್ದುದರಿಂದ ಬೀದಿಗೆಲ್ಲ ಅವಳು ಸೊಸೆಯೇ ಆಗಿಬಿಟ್ಟಿದ್ದಳು. ಹಾಲಿನವನಿಗೂ ಸೊಸೆ, ಅಂಚೆಯವನಿಗೂ ಸೊಸೆ. ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಆದರೂ ಆ ಕೂಗು ಹಾಗೆಯೇ ಉಳಿದಿತ್ತು.

“ಜ್ವರನಾ?” ಎಂದಳು.

“ಇಲ್ಲ.”

“ಮತ್ತೆ ಈ ಬಿಸಿಲಲ್ಲಿ ಇದೇನು ವೇಷ?”

“ನನ್ನ ಶರ್ಟಿನ ಒಳಗೆ ಒಂದು ಬಟ್ಟೆ ಇತ್ತು,” ಎಂದ ಕಂಡಕ್ಟರ್. ತನ್ನ ದನಿ ತನಗೇ ಒರಟಾಗಿ ಕೇಳಿತು. “ಎದೆ ಹತ್ತಿರ. ಎಲ್ಲಾ ಯೂನಿಫಾರ್ಮಲ್ಲೂ ಇತ್ತು. ಅದೆಲ್ಲಿ?”

ಅವಳ ಮುಖ ಅರಳಿತು. “ಓ, ಅದಾ! ನಾನೇ ಬಿಚ್ಚಿದೆ. ಹೇಳಬೇಕು ಅಂತಿದ್ದೆ, ನಿನ್ನೆ ನೀವು ಅವಸರದಲ್ಲಿ ತಗೊಂಡು ಹೋದ್ರಿ. ಆ ಲೈನಿಂಗ್ ನೀರು ಬಿದ್ದಾಗೆಲ್ಲಾ ಕುಗ್ಗುತ್ತೆ, ಮೇಲಿನ ಬಟ್ಟೆ ಕುಗ್ಗಲ್ಲ. ಎಷ್ಟು ಉಜ್ಜಿದ್ರೂ ಮುಂದುಗಡೆ ಬರೀ ಸುಕ್ಕು. ಯಾವ ಟೈಲರ್ ಮಹಾಶಯ ಹಾಕಿದ್ನೋ! ಒಂದೊಂದೇ ಹೊಲಿಗೆ ಬಿಡಿಸಿ ತೆಗೆದೆ, ಒಂದು ತೂತೂ ಬಿದ್ದಿಲ್ಲ. ಈಗ ಇಸ್ತ್ರಿ ಹೇಗೆ ಕೂತಿದೆ ನೋಡಿ!”

“ಬಿಚ್ಚೋಕೆ ನಿಮಗೆ ಯಾರು ಹೇಳಿದ್ರು?”

ಅವಳ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ನಿಂತಿತು. ಹೊಗಳಿಕೆಗೆಂದು ಅರಳಿದ ಮುಖ ನಿಧಾನವಾಗಿ ಬಾಡಿತು.

“ಅದನ್ನ ಹೊಲಿದದ್ದು ಟೈಲರ್ ಅಲ್ಲ,” ಎಂದ. “ನಮ್ಮಮ್ಮ. ಈಗ ಅವರಿಲ್ಲ.”

ಇನ್ನೂ ಏನೋ ಹೇಳಲಿಕ್ಕಿತ್ತು. ಹೇಳದೆ ಮೆಟ್ಟಿಲಿಳಿದು ಹೊರಟುಹೋದ.

ತಾಯಿ ತೀರಿಕೊಂಡು ವರ್ಷ ತುಂಬಿರಲಿಲ್ಲ. ಹುಡುಗರ ದನಿ ಒಡೆಯುವ ವಯಸ್ಸಿನಲ್ಲಿ ಅವನ ಎದೆ ಎರಡೂ ಕಡೆ ಹೆಣ್ಣುಮಕ್ಕಳದಂತೆ ಉಬ್ಬಿತ್ತು. ಈ ವಯಸ್ಸಿನಲ್ಲಿ ಹಲವರಿಗೆ ಹೀಗಾಗುತ್ತದೆ, ತಾನಾಗಿ ಇಳಿಯುತ್ತದೆ ಎಂದು ಯಾರೋ ಡಾಕ್ಟರ್ ಹೇಳಿದ್ದರು. ಹಲವರಿಗೆ ಇಳಿಯಿತು, ಅವನಿಗೆ ಇಳಿಯಲಿಲ್ಲ. ಓಡಿದ, ಊಟ ಬಿಟ್ಟ. ಹೊಟ್ಟೆ ಬೆನ್ನಿಗೆ ಹತ್ತಿತೇ ಹೊರತು ಎದೆ ಹಾಗೆಯೇ ಉಳಿಯಿತು. ಸ್ನೇಹಿತರು ಈಜಲು ಕರೆದರೆ ಕಿವಿ ಸೋರುತ್ತದೆ ಎಂದು ಸುಳ್ಳು ಹೇಳಿದ.

ತಾಯಿ ಏನನ್ನೂ ಕೇಳಲಿಲ್ಲ. ಒಂದು ದಿನ ಅವನ ಶಾಲೆಯ ಅಂಗಿಯೊಳಗೆ ದಪ್ಪ ಬಟ್ಟೆಯನ್ನು ಎರಡು ಮಡಿಕೆ ಮಾಡಿ, ಅಡ್ಡಡ್ಡ ಹೊಲಿಗೆ ಹಾಕಿ ಇಟ್ಟಿದ್ದಳು. ತೊಟ್ಟರೆ ಎದೆ ಬಿಗಿದು ಮಟ್ಟಸವಾಗಿ ಕಾಣುತ್ತಿತ್ತು. ಅಂದಿನಿಂದ ಅವನ ಪ್ರತಿ ಅಂಗಿಗೂ ಆ ಒಳಬಟ್ಟೆ ಬಂತು. ಮನೆಯಲ್ಲಿ ಆ ವಿಷಯಕ್ಕೆ ಮಾತೇ ಇರಲಿಲ್ಲ, ಸೂಜಿ ಮಾತ್ರ ಇತ್ತು. ದೊಡ್ಡವನಾದ ಮೇಲೆ ಒಂದು ಸಂಬಂಧ ಮಾತಿನವರೆಗೆ ಬಂದಾಗ ಅವನು ಬೇಡವೆಂದ. ತಾಯಿಗೆ ಕಾರಣ ಗೊತ್ತಿತ್ತು. ಅಂದು ಪ್ರಾರ್ಥನೆಯಿಂದ ಎದ್ದುಬಂದಾಗ ಅವಳ ಕಣ್ಣು ಕೆಂಪಾಗಿತ್ತು.

ಈ ದಿನ ಬೆಳಿಗ್ಗೆ ಮೊದಲ ಟ್ರಿಪ್ಪಿನ ಆತುರದಲ್ಲಿ, ಒಳಗೆ ನೋಡದೆ ಅಂಗಿ ತೊಟ್ಟು ಬಂದಿದ್ದ. ಬಸ್ಸು ತುಂಬಿದಾಗ ತೋಳೆತ್ತಿ ಮೇಲಿನ ಕಂಬಿ ಹಿಡಿದ. ಚರ್ಮದ ಚೀಲದ ಪಟ್ಟಿ ಎದೆಯ ನಡುವೆ ಬಿಗಿಯಿತು. ಮುಂದಿನ ಸೀಟಿನ ಕಾಲೇಜು ಹುಡುಗಿಯರ ನೋಟ ಅವನ ಮುಖದಿಂದ ಜಾರಿ ಕೆಳಗೆ ನಿಂತಿತು. ಒಬ್ಬಳು ಇನ್ನೊಬ್ಬಳಿಗೆ ಮೊಣಕೈಯಿಂದ ತಿವಿದಳು. ದೊಡ್ಡ ನಗುವೇನಲ್ಲ. ಆದರೆ ಅವನು ಟಿಕೆಟ್ ಮಷಿನನ್ನು ಎದೆಗೆ ಅಡ್ಡ ಹಿಡಿದುಕೊಂಡೇ ಉಳಿದ ದಾರಿ ಕಳೆದ. ಕೊನೆಯ ಸ್ಟಾಪಿನಲ್ಲಿ ಡ್ರೈವರ್ ಅವನನ್ನೊಮ್ಮೆ ನೋಡಿ, ಸೀಟಿನ ಹಿಂದೆ ನೇತುಹಾಕಿದ್ದ ಜಾಕೆಟನ್ನು ಏನೂ ಕೇಳದೆ ತೆಗೆದುಕೊಟ್ಟಿದ್ದ.

ಕೆಲವು ದಿನಗಳ ಮೇಲೆ, ಮಧ್ಯಾಹ್ನದ ಬಸ್ಸು ಖಾಲಿಯಾಗಿದ್ದಾಗ, ಸೊಸೆ ಹತ್ತಿದಳು. ಕೈಯಲ್ಲಿ ಒಂದು ಕಾಗದದ ಪೊಟ್ಟಣ.

“ಎಲ್ಲಿಗೆ?” ಎಂದ ಕಂಡಕ್ಟರ್, ಟಿಕೆಟ್ ಮಷಿನನ್ನು ನೋಡುತ್ತ.

“ಈ ಬಸ್ಸು ಎಲ್ಲಿವರೆಗೆ ಹೋಗತ್ತೋ ಅಲ್ಲಿವರೆಗೆ.”

“ಕೊನೇ ಸ್ಟಾಪಲ್ಲಿ ಏನೂ ಇಲ್ಲ. ಬಸ್ಸು ತಿರುಗಿಸೋ ಜಾಗ, ಅಷ್ಟೆ.”

“ಪರವಾಗಿಲ್ಲ. ನಾನೂ ತಿರುಗಿ ಬರೋಳೇ.”

ಡ್ರೈವರ್ ಕನ್ನಡಿಯಲ್ಲಿ ನೋಡಿ ಮೀಸೆಯೊಳಗೆ ನಕ್ಕ.

ಕೊನೆಯ ಸ್ಟಾಪಿನಲ್ಲಿ ಡ್ರೈವರ್ ಟೀ ಕುಡಿಯಲು ಇಳಿದುಹೋದ ಮೇಲೆ ಅವಳು ಪೊಟ್ಟಣ ಬಿಚ್ಚಿದಳು. ಒಳಗೆ ಅಡ್ಡಡ್ಡ ಹೊಲಿಗೆಯ ಎರಡು ತುಂಡು ದಪ್ಪ ಬಟ್ಟೆ.

“ಇಷ್ಟೇ ಸಿಕ್ಕಿದ್ದು,” ಎಂದಳು. “ಇಸ್ತ್ರಿಪೆಟ್ಟಿಗೆ ಕೆಳಗೆ ಹಾಕ್ಕೊಂಡಿದ್ದೆ, ಅದಕ್ಕೇ ಉಳೀತು. ಮಿಕ್ಕಿದ್ದು ಹಳೇ ಬಟ್ಟೆಯವನಿಗೆ ಹೋಗಿಬಿಟ್ಟಿತ್ತು. ಅವನನ್ನ ಹುಡುಕ್ಕೊಂಡು ಹೋದೆ. ಕೈಗೆ ಸಿಗಲಿಲ್ಲ.”

ಕಂಡಕ್ಟರ್ ಒಂದು ತುಂಡನ್ನು ಕೈಗೆ ತೆಗೆದುಕೊಂಡ. ಅಂಚಿನಲ್ಲಿ ತಾಯಿಯ ಹೊಲಿಗೆ ಸ್ವಲ್ಪ ಸೊಟ್ಟಗಾಗಿತ್ತು. ಕೊನೆಕೊನೆಗೆ ಅವಳ ಕಣ್ಣು ಮಂಜಾಗಿತ್ತು.

“ನಮ್ಮೆಜಮಾನ್ರು ಹೋದ ದಿನ,” ಎಂದಳು ಸೊಸೆ, ಕಿಟಕಿಯ ಹೊರಗೆ ನೋಡುತ್ತ, “ಮನೆ ತುಂಬ ಜನ. ಆಸ್ಪತ್ರೆಯಿಂದ ಅವರ ಶರ್ಟು ಒಂದು ಚೀಲದಲ್ಲಿ ಕೊಟ್ಟಿದ್ರು. ನಾನು ಚೀಲ ತಗೊಂಡು ಸೀದಾ ಹಿಂದುಗಡೆ ಹೋದೆ. ನೆನೆಹಾಕಿದೆ. ಉಜ್ಜಿದೆ. ಒಣಗಿಸಿ ಇಸ್ತ್ರಿ ಮಾಡಿ ಮಡಿಸಿಟ್ಟೆ. ಕೈಗೆ ಬಂದ ಬಟ್ಟೇನ ತೊಳೆಯೋದು ಬಿಟ್ಟು ನನಗೆ ಬೇರೇನು ಗೊತ್ತಿತ್ತು? ಮಾರನೇ ದಿನ ಅದನ್ನ ಮುಖಕ್ಕೆ ಒತ್ತಿಕೊಂಡೆ. ಬರೀ ಸೋಪಿನ ವಾಸನೆ. ಅವರದು ಒಂಚೂರೂ ಉಳಿದಿರಲಿಲ್ಲ.”

ಬಸ್ಸಿನೊಳಗೆ ನೊಣವೊಂದು ಗಾಜಿಗೆ ಬಡಿಯುತ್ತಿತ್ತು.

“ನಿಮಗೆ ನಾನು ಮಾಡಿದ್ದೂ ಅದೇ,” ಎಂದಳು. “ಕ್ಷಮಿಸಿ ಅಂದ್ರೆ ಅದು ಸಾಲೋದಿಲ್ಲ. ಈ ಎರಡನ್ನ ಜೋಪಾನವಾಗಿಟ್ಟುಕೊಳ್ಳಿ, ತೊಳೀಬೇಡಿ. ಶರ್ಟುಗಳನ್ನ ನನಗೆ ಕೊಡಿ. ಇದೇ ಅಳತೆಗೆ ಬೇರೆ ಬಟ್ಟೆ ಹಾಕಿ ಹೊಲಿದುಕೊಡ್ತೀನಿ.”

ಹಾಗೆ ಹೊಲಿದು ಬಂದ ಅಂಗಿಯನ್ನು ತೊಟ್ಟಾಗ ಅವನ ಎದೆ ಧಸಕ್ಕೆಂದಿತು. ಒಳಬಟ್ಟೆ ತಾಯಿಯದಕ್ಕಿಂತ ತೆಳುವಾಗಿತ್ತು, ಮೆತ್ತಗಿತ್ತು, ಆದರೂ ಬಿಗಿಯಾಗಿ ಹಿಡಿಯುತ್ತಿತ್ತು. ಕಂಕುಳ ಹತ್ತಿರ, ಇಷ್ಟು ವರ್ಷ ಚರ್ಮ ಉಜ್ಜಿ ಕೆಂಪಾಗುತ್ತಿದ್ದಲ್ಲಿ, ಓರೆಯಾಗಿ ಕತ್ತರಿಸಿ ಸಡಿಲ ಬಿಟ್ಟಿದ್ದಳು. ಆ ಬಟ್ಟೆ ಏನನ್ನು ಮುಚ್ಚುತ್ತದೆ ಎಂದು ತಿಳಿಯದೆ ಯಾರೂ ಹೀಗೆ ಹೊಲಿಯಲಾರರು.

ಅವಳಿಗೆ ಗೊತ್ತು.

ಮುಂದಿನ ವಾರ ಅಂಗಿಗಳನ್ನು ತೊಳೆಯಲು ಕೊಡಲು ಹೋದಾಗ ಅವನು ಒಂದೇ ಒಂದು ನೋಟಕ್ಕಾಗಿ ಉಸಿರು ಹಿಡಿದು ನಿಂತಿದ್ದ. ಅದು ಅವನಿಗೆ ಚೆನ್ನಾಗಿ ಪರಿಚಿತವಾದ ನೋಟ. ಮೊದಲು ಮುಖ, ಆಮೇಲೆ ಕೆಳಗೆ ಜಾರುವುದು, ಆಮೇಲೆ ಗಡಿಬಿಡಿಯಿಂದ ಬೇರೆಡೆ ತಿರುಗುವುದು. ಸೊಸೆ ಅಂಗಿಗಳನ್ನು ತೆಗೆದುಕೊಂಡಳು, ಗುರುತಿನ ದಾರ ಕಟ್ಟಿದಳು, ತಲೆಯೆತ್ತಿ ಅವನ ಕಣ್ಣನ್ನೇ ನೋಡಿದಳು. ಆ ಕಣ್ಣು ಅಲ್ಲಿಂದ ಜಾರಲಿಲ್ಲ.

“ಕಂಕುಳ ಹತ್ತಿರ ಈಗ ಉಜ್ಜುತ್ತಾ?”

“ಇಲ್ಲ.”

“ಒಳ್ಳೇದಾಯ್ತು,” ಎಂದು ಮುಂದಿನ ಬಟ್ಟೆಗೆ ಕೈ ಹಾಕಿದಳು.

ಅಷ್ಟೇ. ಆದರೆ ಆ ದಿನ ಬೀದಿ ದಾಟುವಾಗ ಕಂಡಕ್ಟರನಿಗೆ ಬೆನ್ನ ಮೇಲಿನ ಹೊರೆಯನ್ನು ಯಾರೋ ಸ್ವಲ್ಪ ಎತ್ತಿ ಹಿಡಿದಂತಾಯಿತು.

ಆಮೇಲೆ ಮಧ್ಯಾಹ್ನದ ಬಸ್ಸಿಗೆ ಅವಳು ಆಗಾಗ ಬರತೊಡಗಿದಳು. ಆ ದಾರಿಯ ಹೋಟೆಲಿಗೆ ಮೇಜುಬಟ್ಟೆ ತಲುಪಿಸುವುದಿರುತ್ತಿತ್ತು. ಕೆಲವು ದಿನ ಅದೂ ಇರುತ್ತಿರಲಿಲ್ಲ. ಕೊನೆಯ ಸ್ಟಾಪಿನಲ್ಲಿ, ಬಸ್ಸಿನ ನೆರಳಿನಲ್ಲಿ ನಿಂತು ಇಬ್ಬರೂ ಟೀ ಕುಡಿಯುತ್ತಿದ್ದರು.

“ಇಷ್ಟು ಜನರನ್ನ ದಿನಾ ಹತ್ತಿಸಿ ಇಳಿಸ್ತೀರಲ್ಲ, ಯಾರದಾದ್ರೂ ಮುಖ ನೆನಪಿರತ್ತಾ?” ಎಂದು ಒಮ್ಮೆ ಕೇಳಿದಳು.

“ಟಿಕೆಟ್ ತಗೊಳ್ಳದೆ ಇಳಿದೋರದು ನೆನಪಿರತ್ತೆ.”

“ನಾನು ದಿನಾ ತಗೊಳ್ತೀನಪ್ಪಾ.”

“ನಿಮ್ಮದೂ ನೆನಪಿರತ್ತೆ,” ಎಂದ. ಅಂದವನೇ ಟೀ ಲೋಟದೊಳಗೆ ಮುಖ ಮರೆಸಿದ.

ಅವಳು ನಗಲಿಲ್ಲ. ಆದರೆ ಬಸ್ಸು ಹತ್ತುವಾಗ, ಬಾಗಿಲ ಕಂಬಿ ಹಿಡಿದ ಅವನ ಕೈಯ ಪಕ್ಕದಲ್ಲಿ ಅವಳ ಕೈ ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು ನಿಂತಿತು. ಇಸ್ತ್ರಿಯ ಶಾಖಕ್ಕೆ ಒರಟಾದ ಬೆರಳುಗಳು. ಅವನು ಆ ಬೆರಳುಗಳನ್ನು ಇಡೀ ಸಂಜೆ ನೆನೆದ.

ಮಾವ ಇದನ್ನೆಲ್ಲ ಕಾಣದವನಲ್ಲ. ಒಂದು ಸಂಜೆ ಕಂಡಕ್ಟರ್ ಅಂಗಿ ಒಯ್ಯಲು ಬಂದಾಗ ಆತ ಕುರ್ಚಿ ತೋರಿಸಿ ಕೂರಿಸಿದ.

“ಸುತ್ತಿ ಬಳಸಿ ಮಾತಾಡೋಕೆ ನನಗೆ ಬರಲ್ಲ, ಕಂಡಕ್ಟರೇ. ಮಗ ಹೋದ. ಇವಳು ತೌರಿಗೂ ಹೋಗಲಿಲ್ಲ, ನನ್ನ ಬಿಟ್ಟೂ ಹೋಗಲಿಲ್ಲ. ನಾನು ಕಣ್ಣು ಮುಚ್ಚಿದ ಮೇಲೆ ಈ ಒದ್ದೆ ಬಟ್ಟೆ ಮಧ್ಯೆ ಇವಳೊಬ್ಬಳೇ ಆಗ್ತಾಳೆ. ದೇವರ ಮುಂದೆ ದಿನಾ ಇದೊಂದನ್ನೇ ಕೇಳ್ಕೊಳ್ಳೋದು. ನೀನು ಮದುವೆ ಆಗ್ತೀಯೇನಯ್ಯಾ?”

ಕಂಡಕ್ಟರನಿಗೆ ಮದುವೆ ಎಂದರೆ ಒಂದು ಕೋಣೆ, ಒಂದು ಬಾಗಿಲು. ಅದರೊಳಗೆ ಅಂಗಿ ಕಳಚಬೇಕಾದ ಒಂದು ಗಳಿಗೆ. ಗೊತ್ತಿರುವುದು ಬೇರೆ, ಕಣ್ಣಾರೆ ಕಾಣುವುದು ಬೇರೆ. ಜಾರದ ಆ ಕಣ್ಣು ಅಂದು ಜಾರಿದರೆ ತನಗೆ ಲೋಕದಲ್ಲಿ ಏನೂ ಉಳಿಯುವುದಿಲ್ಲ ಎನಿಸಿತು.

“ಆಗಲ್ಲ, ಯಜಮಾನ್ರೇ,” ಎಂದ. “ನನಗೆ ಮದುವೆ ಆಗೋಕೆ ಆಗಲ್ಲ.”

ತೂಗುಹಾಕಿದ್ದ ಹೊದಿಕೆಗಳ ಸಾಲಿನ ಹಿಂದೆ ಏನೋ ಅಲುಗಿತು. ಸೊಸೆ ಅಲ್ಲಿ ನಿಂತಿದ್ದಳು. ಕೈಯಲ್ಲಿ ಅವನ ಅಂಗಿಗಳ ಕಟ್ಟು. ಅದನ್ನು ಮೇಜಿನ ಮೇಲಿಟ್ಟು, ಅಂಚು ಸರಿಮಾಡಿ, ಒಳಗೆ ಹೋದಳು.

ಆ ವಾರ ಅವಳು ಬಸ್ಸಿಗೆ ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ.

“ಕೊನೇ ಸ್ಟಾಪಿಗೆ ಪ್ಯಾಸೆಂಜರ್ರೇ ಇಲ್ವಲ್ಲಪ್ಪಾ,” ಎಂದ ಡ್ರೈವರ್. “ಏನಂದೆ ಆ ಹೆಣ್ಣುಮಗಳಿಗೆ?”

“ಅವರಿಗೆ ಏನೂ ಅನ್ನಲಿಲ್ಲ.”

“ಅದೇ ತಪ್ಪು,” ಎಂದು ಡ್ರೈವರ್ ಗೇರ್ ಹಾಕಿದ.

ಒಂದು ದಿನ ಪ್ರಾರ್ಥನಾ ಮಂದಿರದ ಹೊರಗೆ ಕಂಡಕ್ಟರ್ ಅವಳನ್ನು ಕಂಡ. ಪ್ರಾರ್ಥನೆ ಮುಗಿಸಿ ಜನ ಚದುರುತ್ತಿದ್ದರು. ಅವಳು ಗೋಡೆಯ ಪಕ್ಕದ ಕಲ್ಲುಬೆಂಚಿನಲ್ಲಿ ಕೂತು ಮಾವನಿಗಾಗಿ ಕಾಯುತ್ತಿದ್ದಳು.

“ಕೂರಲಾ?”

“ಬೆಂಚು ನನ್ನದಲ್ಲ.”

ಅವನು ತುದಿಯಲ್ಲಿ ಕೂತ.

“ವಿವರ ಬೇಡ,” ಎಂದಳು. “ವಿಧವೆಗೆ ಬೇಡ ಅನ್ನೋರು ನೀವೇ ಮೊದಲಲ್ಲ. ಆದ್ರೆ ಅವರೆಲ್ಲ ಬಸ್ಸಿನ ನೆರಳಲ್ಲಿ ನಿಲ್ಲಿಸಿ ಟೀ ಕೊಡಿಸಿರಲಿಲ್ಲ.”

“ಅದಲ್ಲ!” ಅವನ ದನಿ ಏರಿತು; ಹೋಗುತ್ತಿದ್ದ ಇಬ್ಬರು ತಿರುಗಿ ನೋಡಿದರು. ಅವನು ತಗ್ಗಿಸಿದ. “ದೇವರಾಣೆ, ಅದಲ್ಲ. ನೀವು ಹೊಲಿದ್ರಲ್ಲ... ಅದರೊಳಗೆ ಏನಿದೆ ಅಂತ ನಿಮಗೆ ಗೊತ್ತು. ಅದು. ಅದಕ್ಕೆ. ನನ್ನ ಮೈನ ಯಾರೂ ನೋಡಿಲ್ಲ. ನಮ್ಮಮ್ಮ ಕೂಡ ದೊಡ್ಡವನಾದ ಮೇಲೆ ನೋಡಲಿಲ್ಲ. ನಾನೇ ಕನ್ನಡಿಗೆ ಬೆನ್ನು ಹಾಕಿ ಬಟ್ಟೆ ಹಾಕ್ಕೊಳ್ಳೋನು.”

ಇಷ್ಟನ್ನು ಅವನು ಜೀವನದಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದ್ದ.

ಸೊಸೆಯ ದನಿಯಲ್ಲಿ ಸಿಟ್ಟಿತ್ತು. ಸಿಟ್ಟಿನ ಕೆಳಗೆ ನೋವಿತ್ತು.

“ಅಂದ್ರೆ ನಾನು ನೋಡಿ ಮುಖ ತಿರುಗಿಸ್ತೀನಿ ಅಂತ ನೀವೇ ತೀರ್ಮಾನ ಮಾಡಿದ್ರಿ. ನನ್ನ ಒಂದು ಮಾತೂ ಕೇಳಲಿಲ್ಲ.”

“ಭಯ ಆಯ್ತು.”

“ನನಗೆ ಆಗಲ್ವಾ ಭಯ? ಒಬ್ಬರನ್ನ ಮಣ್ಣಿಗೆ ಕೊಟ್ಟು ಬಂದೋಳು ನಾನು.”

ಅವನು ತಲೆ ತಗ್ಗಿಸಿದ. ಮೆಲ್ಲಗೆ ಹೇಳಿದ: “ಇದಕ್ಕೆ ಈಗ ಚಿಕ್ಕ ತೂತಿನಲ್ಲೇ ಆಪರೇಷನ್ ಮಾಡ್ತಾರಂತೆ. ಎಷ್ಟೋ ವರ್ಷದಿಂದ ಗೊತ್ತು. ಹೋಗಲಿಲ್ಲ. ದೇವರು ಕೊಟ್ಟ ಮೈ, ಅದನ್ನ ತಿದ್ದೋದು ಪಾಪವೇನೋ ಅಂತಲೂ ಅನ್ಸತ್ತೆ.”

“ನಿಮ್ಮಮ್ಮ ದೇವರನ್ನ ನಂಬಿದ್ರಾ?”

“ನನಗಿಂತ ಹೆಚ್ಚು.”

“ಆದ್ರೂ ಸೂಜಿ ಹಿಡಿದ್ರಲ್ಲ.”

ಅವನು ತಲೆಯೆತ್ತಿ ಅವಳನ್ನು ನೋಡಿದ. ಮಾವ ಬಾಗಿಲಲ್ಲಿ ಕಾಣಿಸಿಕೊಂಡ. ಅವಳು ಎದ್ದಳು.

“ಮಾಡಿಸ್ಕೊಳ್ಳೋದಾದ್ರೆ ನಿಮಗೋಸ್ಕರ ಮಾಡಿಸ್ಕೊಳ್ಳಿ. ನನಗೋಸ್ಕರ ಬೇಡ. ಮತ್ತೆ, ನಾನು ಕಾಯ್ತಾ ಇರ್ತೀನಿ ಅಂತ ಮಾತು ಕೊಡಲ್ಲ. ಕಾಯೋ ಶಕ್ತಿ ನನ್ನಲ್ಲಿ ಉಳಿದಿಲ್ಲ.”

ಕೊನೆಗೂ ಆಸ್ಪತ್ರೆಗೆ ಹೋದ ಕಂಡಕ್ಟರ್, ಸರ್ಜನ್ ಹೆಂಗಸೆಂದು ಗೊತ್ತಾದಾಗ ಬೆಂಚಿನಿಂದ ಎದ್ದು ಬಾಗಿಲವರೆಗೆ ಹೋಗಿ ಮತ್ತೆ ಬಂದು ಕೂತ.

ಡಾಕ್ಟರಮ್ಮ ನಡುವಯಸ್ಸಿನವರು, ದಣಿದ ಮುಖದವರು. ಅವನು ಅಂಗಿ ಕಳಚಿದಾಗ, ಪೆಟ್ಟಾದವನ ಮೊಣಕಾಲನ್ನು ನೋಡುವಂತೆ ನೋಡಿದರು. ಬೆರಳಿನಿಂದ ಒತ್ತಿ ಪರೀಕ್ಷಿಸಿದರು. ರಕ್ತ ಪರೀಕ್ಷೆ, ಸ್ಕ್ಯಾನ್ ಎಲ್ಲ ಆದ ಮೇಲೆ ಕೂರಿಸಿ ಹೇಳಿದರು:

“ಕೆಟ್ಟದ್ದೇನೂ ಇಲ್ಲ. ಹಾರ್ಮೋನು ಸರಿಯಾಗಿದೆ. ಇದು ಬರೀ ಕೊಬ್ಬಲ್ಲ, ಒಳಗೆ ಗ್ರಂಥಿ ಬೆಳೆದು ನಿಂತಿದೆ. ಅದಕ್ಕೇ ನೀವು ಎಷ್ಟು ಓಡಿದ್ರೂ ಕರಗಲಿಲ್ಲ. ನಿಮ್ಮ ತಪ್ಪಲ್ಲ. ಕಂಕುಳ ಪಕ್ಕ ಅಕ್ಕಿಕಾಳಿನಷ್ಟು ಒಂದು ತೂತು ಮಾಡ್ತೀವಿ. ಸಣ್ಣ ಕೊಳವೆಯಲ್ಲಿ ಕೊಬ್ಬು ಎಳೆದು, ಗ್ರಂಥಿಯನ್ನೂ ಚೂರುಚೂರಾಗಿ ಅದೇ ದಾರಿಯಲ್ಲಿ ತೆಗೀತೀವಿ. ಸಂಜೆ ಮನೆಗೆ ಹೋಗಬಹುದು. ಕೆಲವು ವಾರ ಬಿಗಿ ಬನಿಯನ್ ಹಾಕ್ಕೋಬೇಕು. ಭಾರ ಎತ್ತಬಾರದು, ಕೈ ಮೇಲಕ್ಕೆ ಎತ್ತಬಾರದು.”

“ಕಾಣಿಸತ್ತಾ? ಕಲೆ?”

“ಹುಡುಕಿದವರಿಗೆ ಕಾಣಿಸತ್ತೆ. ಹುಡುಕೋಷ್ಟು ಹತ್ತಿರದವರು ಆಡಿಕೊಳ್ಳಲ್ಲ ಬಿಡಿ.” ಡಾಕ್ಟರಮ್ಮ ಮೊದಲ ಸಲ ನಕ್ಕರು. “ಒಂದು ವಿಷಯ. ಅನಸ್ತೇಶಿಯಾ ಕೊಡೋದ್ರಿಂದ ಆ ದಿನ ಒಬ್ಬರು ಜೊತೆಗಿರಲೇಬೇಕು. ಒಂಟಿಯಾಗಿ ಬಂದವರನ್ನ ನಾವು ಕಳಿಸಲ್ಲ.”

ದೂರದ ಊರಿನ ಅಕ್ಕನಿಗೆ ಫೋನ್ ಮಾಡಿದ.

“ಎದೆಗೆ ಆಪರೇಷನ್ನಾ? ಅಯ್ಯೋ, ಹಾರ್ಟಾ?”

ಅಲ್ಲವೆಂದು, ಏನೆಂದು, ತಡವರಿಸಿ ಹೇಳಿದ. ಅಕ್ಕನ ದನಿ ತಗ್ಗಿತು. “ಅಷ್ಟಕ್ಕೆಲ್ಲಾ ಯಾರಾದ್ರೂ ಕೊಯ್ಸಿಕೊಳ್ತಾರೇನೋ? ಇಷ್ಟು ದಿನ ನಡೀಲಿಲ್ವಾ? ನಿಮ್ಮ ಭಾವನಿಗೆ ನಾನು ಏನಂತ ಹೇಳಿ ಬರಲಿ?”

“ಆಯ್ತು ಬಿಡಕ್ಕ,” ಎಂದು ಫೋನ್ ಇಟ್ಟುಬಿಟ್ಟ.

ಕೊನೆಗೆ ಅವನು ಮಾವನ ಬಳಿ ಹೋದ. ಗಂಡಸಿನ ಹತ್ತಿರ ಹೇಳುವುದು ಸುಲಭವೆಂದುಕೊಂಡಿದ್ದ, ಸುಲಭವಾಗಲಿಲ್ಲ. ಮುದುಕ ಪೂರ್ತಿ ಕೇಳಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡ. ಆಮೇಲೆ ತನ್ನ ಬನಿಯನ್ನನ್ನು ಕುತ್ತಿಗೆವರೆಗೂ ಎತ್ತಿದ.

“ನೋಡು. ನನಗೂ ಇದೆ. ವಯಸ್ಸಾದ ಮೇಲೆ ಬಂತು. ನಿನಗೆ ಸ್ವಲ್ಪ ಮುಂಚೆ ಬಂದಿದೆ, ಅಷ್ಟೆ.”

ಕಂಡಕ್ಟರ್ ತಡೆಯಲಾರದೆ ನಕ್ಕುಬಿಟ್ಟ. ನಗುತ್ತ ನಗುತ್ತ ಕಣ್ಣು ತುಂಬಿತು. ಮುದುಕ ಬನಿಯನ್ ಇಳಿಸಿಕೊಂಡು ಗಂಭೀರನಾದ.

“ಇದಕ್ಕೇನಯ್ಯಾ ನನ್ನ ಸೊಸೆ ಕಣ್ಣಲ್ಲಿ ನೀರು ಹಾಕಿಸಿದ್ದು?”

“ತಪ್ಪಾಯ್ತು.”

“ನಾನು ಆಸ್ಪತ್ರೆಗೆ ಬರಲ್ಲ. ನನಗೆ ರಕ್ತ ಕಂಡ್ರೆ ತಲೆ ಸುತ್ತತ್ತೆ, ಆಮೇಲೆ ನನ್ನನ್ನೂ ಮಲಗಿಸಬೇಕಾಗತ್ತೆ. ಯಾರನ್ನ ಕೇಳಬೇಕೋ ಅವರನ್ನ ಕೇಳು. ಹಿಂದುಗಡೆ ಬಟ್ಟೆ ಹಿಂಡ್ತಾ ಇದ್ದಾಳೆ.”

ಸೊಸೆ ರವಿಕೆಯ ತೋಳು ಮೇಲಕ್ಕೆ ಮಡಚಿಕೊಂಡು ಒಂದು ದೊಡ್ಡ ಹೊದಿಕೆ ಹಿಂಡುತ್ತಿದ್ದಳು. ಅವನು ಹೇಳಿದ್ದನ್ನು ಕೆಲಸ ನಿಲ್ಲಿಸದೆಯೇ ಕೇಳಿದಳು.

“ಜೊತೆಗೆ ಬಂದೋರು ನೋಡಬೇಕಾಗತ್ತೆ,” ಎಂದಳು. “ಬ್ಯಾಂಡೇಜು, ಬನಿಯನ್, ಗಾಯ, ಎಲ್ಲಾ.”

“ಗೊತ್ತು.”

“ಆಗ ‘ನೋಡಬೇಡಿ’ ಅಂತ ಗೋಡೆ ಕಡೆ ತಿರುಗಬಾರದು.”

“ಪ್ರಯತ್ನ ಮಾಡ್ತೀನಿ.”

ಅವಳು ಹೊದಿಕೆಯನ್ನು ಬಕೆಟ್ಟಿಗೆ ಹಾಕಿ ಕೈ ಒರೆಸಿಕೊಂಡಳು. “ಬರ್ತೀನಿ. ಇದಕ್ಕೆ ಬೇರೆ ಅರ್ಥ ಕಟ್ಟಬೇಡಿ. ಒಬ್ಬರೇ ಹೋಗಬಾರದು, ಅದಕ್ಕೆ.”

ಆಪರೇಷನ್ ದಿನ ಅವಳು ಹೊರಗಿನ ಬೆಂಚಿನಲ್ಲಿ ಕೂತಿದ್ದಳು. ಅವಳ ಗಂಡನನ್ನು ಒಳಗೆ ಒಯ್ದಿದ್ದೂ ಇಂಥದೇ ಒಂದು ಬಾಗಿಲಿನಿಂದ. ಇದು ಚಿಕ್ಕದು, ಸಂಜೆಗೆ ಮನೆಗೆ ಹೋಗುವಂಥದು ಎಂದು ಬುದ್ಧಿ ಹೇಳುತ್ತಿತ್ತು. ಬಾಗಿಲು ಮುಚ್ಚಿದ ಸದ್ದಿಗೆ ಬುದ್ಧಿ ಎಲ್ಲಿತ್ತು? ಅವಳು ಕೈ ಜೋಡಿಸಿ, ತುಟಿ ಅಲುಗಿಸದೆ, ಒಂದೇ ಪ್ರಾರ್ಥನೆಯನ್ನು ಮತ್ತೆ ಮತ್ತೆ ಹೇಳಿಕೊಂಡಳು. ಅವನು ಎಚ್ಚರಗೊಳ್ಳಲಿ. ಬೇರೆ ಏನನ್ನೂ ಕೇಳಲಿಲ್ಲ.

ನರ್ಸ್ ಬಂದು ಕರೆದಾಗ ಜೋಡಿಸಿದ ಕೈ ಬಿಡದೆಯೇ ಎದ್ದು ಒಳಗೆ ಹೋದಳು.

ಅವನು ದಿಂಬಿಗೆ ಒರಗಿದ್ದ, ಅರೆಎಚ್ಚರದಲ್ಲಿ. ಕಪ್ಪು ಬಿಗಿ ಬನಿಯನ್ನಿನಲ್ಲಿ ಉಸಿರು ಮೇಲೆ ಕೆಳಗೆ ಆಡುತ್ತಿತ್ತು. ಅವಳನ್ನು ಕಂಡು ತೊದಲಿದ: “ಟಿಕೆಟ್ ಆಯ್ತಾ?”

ಅವಳು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಅವನಿಗೆ ಅದು ಆಮೇಲೆ ನೆನಪಿರಲಿಲ್ಲ, ಅವಳೂ ಹೇಳಲಿಲ್ಲ.

ಅವನು ಮೇಲ್ಮಹಡಿಯ ಬಾಡಿಗೆ ಕೋಣೆಗೆ ಹೋಗಕೂಡದೆಂದು ಮಾವ ಅಪ್ಪಣೆ ಮಾಡಿದ್ದ. ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಮಂಚ ಹಾಕಿಸಿದ. ಸೋಪಿನ ವಾಸನೆ, ಇಸ್ತ್ರಿಯ ಬಿಸಿ, ಮಾವನ ಕೆಮ್ಮು. ಇವುಗಳ ನಡುವೆ ಕಂಡಕ್ಟರ್ ಬಹಳ ಕಾಲದ ಮೇಲೆ ನೆಮ್ಮದಿಯಾಗಿ ನಿದ್ದೆ ಮಾಡಿದ. ಮನಸ್ಸಿನಲ್ಲಿ ಒಂದು ನಿಶ್ಚಯವಿತ್ತು. ಊತ ಪೂರ್ತಿ ಇಳಿಯಲಿ, ಎದೆ ಮಟ್ಟಸವಾಗಲಿ. ಆ ದಿನ ನೆಟ್ಟಗೆ ಅವಳ ಮುಂದೆ ನಿಂತು ಕೇಳುತ್ತೇನೆ. ಅಲ್ಲಿಯವರೆಗೆ ಬೇಡ.

ಬನಿಯನ್ ತೆಗೆದು ಮೈ ಒರೆಸಿಕೊಳ್ಳಬಹುದೆಂದು ಡಾಕ್ಟರಮ್ಮ ಹೇಳಿದ ದಿನ ಬಂತು. ಸೊಸೆ ಬಿಸಿನೀರು, ಟವೆಲು, ಒಗೆದಿಟ್ಟ ಇನ್ನೊಂದು ಬನಿಯನ್ ತಂದಳು. ಬೆಳಗಿನ ಬಿಸಿಲು ಕಿಟಕಿಯಿಂದ ಮಂಚದ ಮೇಲೆ ಬಿದ್ದಿತ್ತು.

ಮುಂದಿನ ಕೊಕ್ಕೆಗಳನ್ನು ಅವನೇ ಒಂದೊಂದಾಗಿ ಬಿಚ್ಚಿದ. ಬಿಚ್ಚಿ, ಕೆಳಗೆ ನೋಡಿಕೊಂಡ.

ಎದೆ ನೀಲಿ, ಹಳದಿ, ನೇರಳೆ. ಎಡಗಡೆ ಬಲಗಡೆಗಿಂತ ಹೆಚ್ಚು ಊದಿತ್ತು. ಕಂಕುಳ ಹತ್ತಿರ ಚಿಕ್ಕ ಪ್ಲಾಸ್ಟರು. ಮಟ್ಟಸವಾದ ಎದೆಯ ಕನಸು ಕಂಡವನಿಗೆ, ಯಾರೋ ಹೊಡೆದು ಜಜ್ಜಿದಂತಿದ್ದ ಈ ಮೈ ಕಂಡು ಜೀವ ಕುಸಿಯಿತು.

“ಇಳಿದೇ ಇಲ್ಲ,” ಎಂದ.

“ಊತ ಅಲ್ವಾ. ವಾರಗಟ್ಟಲೆ ಹಿಡಿಯತ್ತೆ ಅಂತ ಹೇಳಿದಾರೆ.”

“ಇಳೀದೆ ಹೋದ್ರೆ?”

ಕೈ ತಾನಾಗಿ ಎದೆಗೆ ಅಡ್ಡ ಹೋಗಿತ್ತು. ಮುಖ ಗೋಡೆಯ ಕಡೆ ತಿರುಗತೊಡಗಿತು. ಅವಳು ಒಂದು ಮಾತೂ ಆಡದೆ ಟವೆಲನ್ನು ನೀರಿನಲ್ಲಿ ಅದ್ದಿ, ಹಿಂಡಿ, ಕಾದಳು. ಅವಸರ ಮಾಡಲಿಲ್ಲ. ಸಮಾಧಾನ ಹೇಳಲಿಲ್ಲ.

ಆ ಕಾಯುವಿಕೆಯಲ್ಲಿ ಅವನಿಗೆ ಒಂದು ವಿಷಯ ಹೊಳೆಯಿತು. ಊತ ಇಳಿದ ಮೇಲೆ ಕೇಳುವವನು ಬೇರೊಬ್ಬ. ಅವನಿಗೆ ಅವಳು ಹೂಂ ಎಂದರೂ, ಈ ನೀಲಿಗಟ್ಟಿದವನು ಜೀವಮಾನವಿಡೀ ಗೋಡೆ ನೋಡುತ್ತಲೇ ಉಳಿಯುತ್ತಾನೆ.

ಅವನು ಕೈ ತೆಗೆದ. ಅವಳ ಕಡೆ ತಿರುಗಿ ಕೂತ.

ಅವಳು ನೋಡಿದಳು. ಈ ಸಲ ಮುಖವನ್ನಲ್ಲ. ಎದೆಯನ್ನು, ಎರಡೂ ಕಡೆ, ನಿಧಾನವಾಗಿ, ಏನೂ ಬಿಡದೆ ನೋಡಿದಳು. ಪ್ಲಾಸ್ಟರಿನ ಸುತ್ತ ಒದ್ದೆ ಟವೆಲನ್ನು ಅಷ್ಟು ಹಗುರವಾಗಿ ಆಡಿಸಿದಳು ಎಂದರೆ ನೀರಿನ ಬಿಸಿ ಮಾತ್ರ ತಿಳಿಯಿತು.

“ನೋವಾಗ್ತಿದೆಯಾ?”

“ಅಲ್ಲಿ ಏನೂ ಗೊತ್ತಾಗ್ತಿಲ್ಲ. ಮರಗಟ್ಟಿದೆ.” ಸ್ವಲ್ಪ ತಡೆದ. “ಆವತ್ತು ಯಜಮಾನ್ರು ಕೇಳಿದ್ದಕ್ಕೆ ಹೆದರಿ ಏನೋ ಹೇಳಿಬಿಟ್ಟೆ. ಈಗ ನಾನೇ ನಿಮ್ಮನ್ನ ಕೇಳ್ತಾ ಇದೀನಿ. ಇದು ಇಳಿಯತ್ತೋ ಇಲ್ವೋ ಗೊತ್ತಿಲ್ಲ. ಹೀಗೇ ಇರೋನನ್ನ ಮದುವೆ ಆಗ್ತೀರಾ?”

ಟವೆಲು ನಿಂತಿತು. ಅದರಿಂದ ನೀರು ಒಂದೊಂದೇ ಹನಿಯಾಗಿ ಅವನ ತೊಡೆಯ ಮೇಲೆ ಬಿತ್ತು.

“ನಾನು ಅವರನ್ನ ಮರೆಯಲ್ಲ,” ಎಂದಳು.

“ಮರೀಬೇಡಿ. ನಾನೂ ಅಮ್ಮನ್ನ ಮರೆತಿಲ್ಲ.”

“ಮಾವನ ಬಿಟ್ಟು ಎಲ್ಲಿಗೂ ಬರಲ್ಲ.”

“ನನಗೂ ಈ ಮಂಚ ಒಗ್ಗಿಹೋಗಿದೆ.”

ಅವಳ ತುಟಿಯಂಚಿನಲ್ಲಿ ಏನೋ ಅಲುಗಿತು. ನಗುವಾಗಲು ಅದಕ್ಕೆ ಧೈರ್ಯ ಸಾಲಲಿಲ್ಲ. ಕಣ್ಣು ಮೊದಲೇ ತುಂಬಿತ್ತು. “ಹೂಂ,” ಎಂದಳು. ಅಷ್ಟು ಮೆಲ್ಲಗೆ ಎಂದಳೆಂದರೆ ಅದು ದೇವರಿಗೆ ಮೊದಲು ಕೇಳಿಸಿ, ಆಮೇಲೆ ಅವನಿಗೆ ಕೇಳಿಸಿರಬೇಕು.

ಅವನು ಅವಳ ಒರಟು ಬೆರಳುಗಳನ್ನು ಹಿಡಿದು ಹಾಗೆಯೇ ಕೂತ. ಹೊರಗೆ ಇಸ್ತ್ರಿಪೆಟ್ಟಿಗೆಯ ಸದ್ದು ಬಹಳ ಹೊತ್ತಿನಿಂದ ನಿಂತಿತ್ತು.

“ಮಾವನಿಗೆ ನೀವೇ ಹೇಳಿ,” ಎಂದಳು.

ಅವನು ಎದ್ದ. ಗೂಟಕ್ಕೆ ನೇತುಹಾಕಿದ್ದ ಅಂಗಿಯ ಕಡೆ ಕೈ ಹೋಯಿತು. ತಡೆದ. ಅಂಗಿಯನ್ನು ಅಲ್ಲಿಯೇ ಬಿಟ್ಟು ಬಾಗಿಲು ದಾಟಿದ.

ಮುಂದಿನ ಕೋಣೆಯಲ್ಲಿ ಬೀದಿಯ ಬಾಗಿಲು ತೆರೆದಿತ್ತು. ಜನ ಓಡಾಡುತ್ತಿದ್ದರು, ಅಂಚೆಯವನು ಸೈಕಲ್ ನಿಲ್ಲಿಸಿ ಒಳಗೆ ನೋಡಿದ. ಮಾವ ಒಂದು ದೊಡ್ಡ ಹೊದಿಕೆಯನ್ನು ಒಬ್ಬನೇ ಮಡಿಸಲು ಹೆಣಗುತ್ತಿದ್ದ. ಒಂದು ತುದಿ ಗಲ್ಲದ ಕೆಳಗೆ, ಇನ್ನೊಂದು ನೆಲದ ಮೇಲೆ.

“ಯಜಮಾನ್ರೇ,” ಎಂದ ಕಂಡಕ್ಟರ್. “ಅವರು ಒಪ್ಪಿದ್ರು.”

ಮುದುಕ ತಿರುಗಿದ. ಬರಿಮೈಯಲ್ಲಿ ನಿಂತವನ ನೀಲಿಗಟ್ಟಿದ ಎದೆಯನ್ನು, ಒದ್ದೆ ಕಣ್ಣನ್ನು, ಅವನ ಹಿಂದೆ ಬಾಗಿಲಿಗೆ ಒರಗಿ ನಿಂತ ಸೊಸೆಯನ್ನು ನೋಡಿದ. ನೆಲಕ್ಕೆ ಬಿದ್ದಿದ್ದ ಹೊದಿಕೆಯ ತುದಿಯನ್ನು ಎತ್ತಿ ಅವನ ಕಡೆ ಚಾಚಿದ.

“ಬಾ, ಹಿಡ್ಕೋ,” ಎಂದ. “ಕೈ ಮೇಲಕ್ಕೆ ಎತ್ತಬೇಡ ಮತ್ತೆ.”